ಮಹಾನವಮಿಯಂದು ಮಲಗಿದ ಡೀಮನ್

ಮೇಜಿನ ಕೆಳಗೆ ಬಗ್ಗಿದ ಮೈಥಿಲಿಗೆ ಮೊದಲು ಕಂಡದ್ದು ಅಕ್ಕಿಕಾಳು.

ಬೂದು ಕಾರ್ಪೆಟ್ಟಿನ ಮೂಲೆಯಲ್ಲಿ, ಕಸ ಹೀರುವ ಯಂತ್ರದ ಮೂತಿ ತಲುಪದ ಕಡೆ, ನಾಲ್ಕಾರು ಕಾಳು ಸಿಕ್ಕಿಕೊಂಡಿದ್ದವು. ಉಗುರಿನಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅರಿಸಿನದ ಬಣ್ಣ. ಅಕ್ಷತೆ.

ಡಚ್ಚರ ಊರು ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಈ ಆಫೀಸ್ ಪಾರ್ಕಿನಲ್ಲಿ ಅಕ್ಷತೆ ಹಾಕುವ ಮನುಷ್ಯ ಒಬ್ಬನೇ ಇದ್ದ. ಅವಳ ಗಂಡ ಪೃಥ್ವಿ. ಗೌರಿ ಹಬ್ಬದ ಮರುವಾರ ಅವನು ಇದೇ ಕಟ್ಟಡದ ಹಿಂದಿನ ಕಾಲುವೆಯಲ್ಲಿ ಹೆಣವಾಗಿ ತೇಲಿದ್ದ. ಕಾಲು ಜಾರಿ ಬಿದ್ದಿದ್ದಾನೆ ಎಂದರು ಪೊಲೀಸರು. ಗಿರಾಕಿಗಳ ಬಿಟ್‌ಕಾಯಿನ್ ಕದ್ದು, ಹೆದರಿ ಹಾರಿದ್ದಾನೆ ಎಂದಿತು ಅವನು ದುಡಿಯುತ್ತಿದ್ದ ಕಂಪನಿ.

ನಾಳೆ ಬೆಳಿಗ್ಗೆ ಕ್ಯುರೇಟರ್ ಬರುತ್ತಾನೆ. ದಿವಾಳಿ ಎದ್ದ ಕಂಪನಿಯ ಲೆಕ್ಕ ಮುಗಿಸಲು ಕೋರ್ಟು ನೇಮಿಸಿದ ವಕೀಲ. ಅವನು ಈ ಮೇಜಿನ ಮೇಲಿನ ಸರ್ವರ್ ಯಂತ್ರವನ್ನು ಹೊತ್ತೊಯ್ಯುತ್ತಾನೆ. ಕಂಪನಿಯ ಪಾಲುದಾರ ಕೇಶವ ಅವನ ಮುಂದೆ ಹೇಳಿಕೆಗೆ ಸಹಿ ಹಾಕುತ್ತಾನೆ. ಆಮೇಲೆ ಪೃಥ್ವಿ ಎಂದೆಂದಿಗೂ ಕಳ್ಳ.

ಗಂಡನ ಸಾಮಾನು ಒಯ್ಯುವ ನೆಪದಲ್ಲಿ ಮೈಥಿಲಿ ಬಂದಿದ್ದಳು. ಅವಳಿಗೆ ಇವತ್ತು ಒಂದೇ ದಿನ ಉಳಿದಿತ್ತು.

ಅವಳು ಎದ್ದು ನಿಂತು ಮೇಜಿನ ಮೇಲಿನ ಯಂತ್ರವನ್ನು ನೋಡಿದಳು. ಊಟದ ಡಬ್ಬಿಯಷ್ಟೇ ದೊಡ್ಡದು. ಹಸಿರು ದೀಪವೊಂದು ಮಿನುಗುತ್ತಿತ್ತು. ಮುಚ್ಚಳದ ಮೇಲೆ ಕುಂಕುಮ. ಹಳೆಯದು ಕಂದಿ, ಒಣಗಿದ ಕಾಫಿ ಕಲೆಯಂತಾಗಿತ್ತು. ಅದರ ಮೇಲೆಯೇ ಇನ್ನೊಂದು ಬೊಟ್ಟು. ಕೆಂಪಗೆ, ಮೊನ್ನೆ ಮೊನ್ನೆ ಇಟ್ಟಂತೆ.

ಬೆರಳು ಅದನ್ನು ಮುಟ್ಟಲು ಹೋಗಿ ಹಿಂದಕ್ಕೆ ಬಂತು.

ಆ ಡಬ್ಬಿಯೊಳಗೆ ಹಗಲೂ ಇರುಳೂ ದುಡಿಯುವ ಪ್ರೋಗ್ರಾಮ್ ಒಂದಿತ್ತು. ಕಂಪ್ಯೂಟರಿನವರು ಅದನ್ನು ಡೀಮನ್ ಅನ್ನುತ್ತಾರೆ. ಟಿಲ್‌ಬರ್ಗಿನ ಸೈಕಲ್ ಅಂಗಡಿಯಲ್ಲೋ ಹೂಫ್‌ಡಾರ್ಪಿನ ಕಾಫಿ ಅಂಗಡಿಯಲ್ಲೋ ಯಾರಾದರೂ ಬಿಟ್‌ಕಾಯಿನ್ ಕೊಟ್ಟರೆ, ಅದನ್ನು ಇಸಿದುಕೊಂಡು ತಲುಪಿಸಬೇಕಾದಲ್ಲಿಗೆ ತಲುಪಿಸುವುದು ಅದರ ಕೆಲಸ. ಅದಕ್ಕೆ ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಆಗ ಮಾತ್ರ ಅದು ಮಾತಾಡುತ್ತದೆ.

"ನಮ್ಮಮ್ಮನ ಥರ ಕಣೆ," ಅಂದಿದ್ದ ಪೃಥ್ವಿ. "ಎಲ್ಲೂ ಕಾಣ್ಸಲ್ಲ. ಆದ್ರೆ ಮನೆ ನಡೆಸೋದು ಅವ್ಳೇ."

ತನಗೆ ಜ್ವರ ಬಂದರೆ ಬೇಕಾದೀತೆಂದು ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ನಾಲ್ಕು ಆಜ್ಞೆ ಕಲಿಸಿದ್ದ. ಹೇಗಿದ್ದೀಯ ಎಂದು ಕೇಳುವುದು. ಎಷ್ಟಿದೆ ಎಂದು ಕೇಳುವುದು. ನಿಲ್ಲಿಸುವುದು. ಎಬ್ಬಿಸುವುದು. ಎಬ್ಬಿಸಲು ಪಾಸ್‌ವರ್ಡ್ ಬೇಕು. ಅದನ್ನು ಮಾತ್ರ ಹೇಳಿರಲಿಲ್ಲ.

"ಅದು ಗೊತ್ತಾದ್ರೆ ನಿಂಗೆ ನಿದ್ದೆ ಬರಲ್ಲ," ಅಂದಿದ್ದ.

ಈಗ ಗೊತ್ತಿಲ್ಲದೆಯೂ ಬರುತ್ತಿರಲಿಲ್ಲ.

ಪೃಥ್ವಿಯ ಸೈಕಲ್ ಬೀಗದ ಕೈ ಗೊಂಚಲಿನಲ್ಲಿ ಕಳೆದ ವಾರ ಸಿಕ್ಕ ಪುಟ್ಟ ಯುಎಸ್‌ಬಿ ಕಡ್ಡಿಯನ್ನು ಅವಳು ಮೇಜಿನ ಮೇಲೆ ಪಕ್ಕದಲ್ಲೇ ಇದ್ದ ಕಂಪ್ಯೂಟರಿಗೆ ಚುಚ್ಚಿದಳು. ಅದರಲ್ಲಿ ಕೀಲಿ ಫೈಲ್ ಇತ್ತು. ಆ ಫೈಲ್ ತೋರಿಸದಿದ್ದರೆ ಡೀಮನ್ ಯಾರ ಮಾತನ್ನೂ ಕೇಳದು. ಅದೇ ಕೀಲಿಯಿದ್ದ ಪೃಥ್ವಿಯ ಲ್ಯಾಪ್‌ಟಾಪ್ ಅವನು ಸತ್ತ ದಿನವೇ ಕಾಣೆಯಾಗಿತ್ತು. 'ಅವನೊಬ್ಬನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಕೀಲಿ ಇರಲಿಲ್ಲ' ಎಂದು ಕೇಶವ ಪೊಲೀಸರಿಗೆ ಹೇಳಿದ್ದ.

ಆದರೆ ಪೃಥ್ವಿ ಬೂದಿಯಾದ ಮೇಲೂ ಗಿರಾಕಿಗಳ ನಾಣ್ಯ ಚೂರು ಚೂರಾಗಿ ಹೊರಗೆ ಹರಿಯುತ್ತಲೇ ಇತ್ತು. ಸಾಯುವ ಮೊದಲೇ ಅವನು ಅದಕ್ಕೆ ಏರ್ಪಾಡು ಮಾಡಿಟ್ಟಿದ್ದ ಎಂದಿದ್ದ ಕೇಶವ.

ಅವಳು ಮೊದಲನೆಯ ಆಜ್ಞೆ ಟೈಪ್ ಮಾಡಿದಳು. ಡೀಮನ್ ತಾನು ಯಾವಾಗ ನಿಂತೆ, ಯಾವಾಗ ಎದ್ದೆ ಎಂದು ಒಪ್ಪಿಸಿತು. ಮೈಥಿಲಿಯ ಕಣ್ಣು ಒಂದೆಡೆ ನಿಂತಿತು.

ಈ ವರ್ಷದ ಮಹಾನವಮಿ. ಡೀಮನ್ ನಿಂತಿದೆ. ವಿಜಯದಶಮಿಯ ಬೆಳಿಗ್ಗೆ ಎದ್ದಿದೆ.

ಹೋದ ವರ್ಷವೂ ಹಾಗೇ. ಅದರ ಹಿಂದಿನ ವರ್ಷವೂ. ಆಯುಧಪೂಜೆಯ ದಿನ ದುಡಿಯುವ ಯಾವುದಕ್ಕೂ ಬಿಡುವು ಕೊಡಬೇಕೆಂಬುದು ಪೃಥ್ವಿಯ ಹಟ. ಡೀಮನ್ ನಿಲ್ಲಿಸಿ, ಡಬ್ಬಿ ಒರೆಸಿ, ಕುಂಕುಮ ಇಟ್ಟು, ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಏರಿಸುತ್ತಿದ್ದ. ಮರುದಿನ ಸ್ನಾನ ಮಾಡಿ ಬಂದು ಎಬ್ಬಿಸುತ್ತಿದ್ದ. ಅಂಗಡಿಯವರಿಗೆ 'ದುರಸ್ತಿ ನಡೆಯುತ್ತಿದೆ' ಎಂದು ಸಂದೇಶ ಹೋಗುತ್ತಿತ್ತು.

ಈ ವರ್ಷ ಆ ಪೂಜೆ ಮಾಡಿದವರು ಯಾರು?

ನಿನ್ನೆಯವರೆಗೆ ಅವಳ ಅನುಮಾನವೆಲ್ಲ ಇನ್ನೊಬ್ಬ ಪಾಲುದಾರ ವೌಟರ್ ಮೇಲಿತ್ತು. ಅವನಿಗೆ ನವಮಿಯೂ ಒಂದೇ, ನವೆಂಬರೂ ಒಂದೇ. ಮನೆಯಲ್ಲಿ ಅತ್ತೆ ಉಷಾ, ತಾನು. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ದೇವರ ಗೂಡಿಗೆ ಪರದೆ ಎಳೆದವರು ಅತ್ತೆಯೇ. ಉಳಿದವನು ಕೇಶವ. ಮೈಸೂರಿನವನು. ಆದರೆ ಪ್ರತಿ ವರ್ಷ ಪೃಥ್ವಿಯ ಬೆನ್ನ ಹಿಂದೆ ನಿಂತು, "ಸರ್ವರ್‌ಗೆ ನಿಂಬೆಹಣ್ಣೂ ತುಳಿಸ್ಬಿಡೋ" ಎಂದು ನಗುತ್ತಿದ್ದವನು.

ನಗುವವನ ಕೈಯಲ್ಲೂ ಕುಂಕುಮ ಇರಬಹುದು.

ಮೈಥಿಲಿ ಪೃಥ್ವಿ ಬರೆದಿದ್ದ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ತೆರೆದಳು. ಅದೊಂದು ಕಾವಲು ಕಿಟಕಿ. ಡೀಮನ್‌ಗೆ ಯಾರಾದರೂ ಆಜ್ಞೆ ಕೊಟ್ಟರೆ, ಯಾವ ಆಜ್ಞೆ, ಎಲ್ಲಿಂದ ಬಂತು ಎಂದು ಆ ಕ್ಷಣಕ್ಕೆ ತೋರಿಸುತ್ತಿತ್ತು. ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಕಳ್ಳನನ್ನು ಕಾಣಬೇಕಾದರೆ ಅವನು ಬಾಗಿಲು ತಟ್ಟುವಾಗಲೇ ಕಾಣಬೇಕು.

ಹಾಗಾದರೆ ತಟ್ಟುವಂತೆ ಮಾಡಬೇಕು.

ನಿಂತ ಡೀಮನ್ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದರೆ ಬೀಗ ಹಾಕಿದ ಮನೆಯಂತೆ ಸುಮ್ಮನೆ ಕೂರುತ್ತದೆ. ಪಾಸ್‌ವರ್ಡ್ ಕೊಡುವವರೆಗೆ ಒಂದು ಪೈಸೆಯೂ ಅಲುಗದು. ನಾಣ್ಯ ಹರಿಸುತ್ತಿರುವವನು ಅದನ್ನು ಎಬ್ಬಿಸಲೇಬೇಕು. ಅದೂ ನಾಳೆಯೊಳಗೆ.

ಅವಳು ಮೂರನೆಯ ಆಜ್ಞೆ ಟೈಪ್ ಮಾಡಿದಳು. ಸ್ಟಾಪ್. ಎಂಟರ್ ಒತ್ತಿದಳು.

ಹಸಿರು ದೀಪ ಆರಿ ಹಳದಿಯಾಯಿತು. ಕಿಟಕಿಯಾಚೆ ಕಾಲುವೆಯ ನೀರಿನ ಮೇಲೆ ಕಪ್ಪು ನೀರುಕೋಳಿಯೊಂದು ಅಲುಗದೆ ಕೂತಿತ್ತು. ಮಧ್ಯಾಹ್ನವೇ ಆಫೀಸುಗಳಲ್ಲೆಲ್ಲ ದೀಪ ಹತ್ತಿದ್ದವು.

ಅವಳ ಫೋನು ನಡುಗಿತು. ಅತ್ತೆ.

"ಮೈಥಿಲೀ, ಊಟ ಆಯ್ತೇನಮ್ಮಾ?"

"ಆಯ್ತು ಅತ್ತೆ." ಆಗಿರಲಿಲ್ಲ.

"ಅಲ್ಲಿ ಕರೆಂಟ್ ಇದೆ ತಾನೇ?"

"ಇದೆ ಅತ್ತೆ. ಇಲ್ಲೆಲ್ಲ ಕರೆಂಟ್ ಹೋಗಲ್ಲ."

"ಹೌದಾ? ಹಾಗೇ ಕೇಳ್ದೆ. ಅವನ ಸಾಮಾನೆಲ್ಲ ತಗೊಂಡು ನಿಧಾನವಾಗಿ ಬಾ. ನಂಗೇನೂ ಅವಸರ ಇಲ್ಲ."

ಮೈಥಿಲಿ ಫೋನ್ ಕೆಳಗಿಟ್ಟಳು. ಗೌರಿ ಹಬ್ಬಕ್ಕೆಂದು ಮಗನ ಮನೆಗೆ ಬಂದು, ಮಗನ ಅಸ್ಥಿ ಹಿಡಿದು ಮುಂದಿನ ವಾರ ವಾಪಸು ವಿಮಾನ ಹತ್ತಬೇಕಾದ ಹೆಂಗಸು. ಮೈಸೂರಿನಲ್ಲಿ ನಿವೃತ್ತಿಯಾಗುವವರೆಗೂ ಟೈಪಿಂಗ್ ಕಲಿಸಿದವರು. ಆದರೂ ಮೊಬೈಲಿನಲ್ಲಿ ವೀಡಿಯೊ ಕಾಲ್ ತೆಗೆಯಲು ಸೊಸೆ ಪಕ್ಕದಲ್ಲಿರಬೇಕು. "ಆ ಗಾಜಿನ ಮೇಲೆ ಬೆರಳೇ ನಿಲ್ಲಲ್ಲ ಕಣೆ," ಎಂದು ಗೊಣಗುತ್ತಿದ್ದರು. ಹೂಫ್‌ಡಾರ್ಪಿನ ಮನೆಯಲ್ಲಿ ಕೂತು ಅವರಿಗೆ ಇನ್ನೂ ಮೈಸೂರಿನ ಕರೆಂಟಿನದೇ ಚಿಂತೆ.

ಕಾರಿಡಾರಿನಲ್ಲಿ ಫೋನುಗಳು ಬಡಿದುಕೊಳ್ಳತೊಡಗಿದವು. ವೌಟರ್ ಬಾಗಿಲಲ್ಲಿ ತಲೆ ಹಾಕಿ, ಕಾಫಿ ಅಂಗಡಿಯವನು ಬೈಯುತ್ತಿದ್ದಾನೆ, ಏನಾದರೂ ಕೆಟ್ಟಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಉತ್ತರಕ್ಕೂ ಕಾಯದೆ ಭುಜ ಕುಣಿಸಿ ಹೊರಟುಹೋದ. ನಾಳೆ ಮುಚ್ಚುವ ಅಂಗಡಿಯ ಬೈಗುಳ ಅವನಿಗೆ ತಟ್ಟುತ್ತಿರಲಿಲ್ಲ.

ಅವನ ಹಿಂದೆಯೇ ಕೇಶವ ಬಂದ. ಜಾಕೆಟ್ಟಿನ ಒಂದು ತೋಳು ಹಾಕಿಕೊಂಡಿದ್ದ, ಇನ್ನೊಂದು ನೇತಾಡುತ್ತಿತ್ತು.

"ಮೈಥಿಲಿ, ಏನಾದ್ರೂ ಮುಟ್ಟಿದ್ರಾ?"

"ಮುಟ್ಟಿದೆ."

"ಏನು?"

"ಮಲಗಿಸಿದೆ. ಎಬ್ಬಿಸಿ ಕೇಶವ್."

ಅವನು ಹಳದಿ ದೀಪವನ್ನು ನೋಡಿದ. ಮುಖ ಬಿಳುಚಿತು.

"ನಿಮ್ಗೆ ತಲೆ ಕೆಟ್ಟಿದ್ಯಾ? ಪಾಸ್‌ವರ್ಡ್ ಯಾರ ಹತ್ರ ಇದೆ? ಪೊಲೀಸ್‌ಗೆ ಹೇಳಿಲ್ವಾ ನಾನು, ಕೀಲಿನೂ ಇಲ್ಲ, ಪಾಸ್‌ವರ್ಡೂ ಇಲ್ಲ ಅಂತ."

ಮೈಥಿಲಿ ಅಂಗೈ ಬಿಚ್ಚಿ ಕೇಳಿದಳು.

"ಇದೇನು?"

"ಅಕ್ಕಿ."

"ಅಕ್ಷತೆ. ವೌಟರ್ ಹಾಕಿದ್ನಾ?"

ಕೇಶವ ನೇತಾಡುತ್ತಿದ್ದ ತೋಳನ್ನು ಹುಡುಕಿ ಕೈ ತೂರಿಸಿದ.

"ಹೇಳಿ. ನೀಲಿ ಕಣ್ಣಿನ ವೌಟರ್ ಪಂಚೆ ಉಟ್ಕೊಂಡು ಬಂದು ಅಕ್ಷತೆ ಹಾಕಿ ಹೋದ್ನಾ?"

"ಹೋದ ವರ್ಷ ಪೃಥ್ವಿ ಹಾಕಿದ್ದಿರ್ಬೇಕು."

"ಕುಂಕುಮಾನೂ ಹೋದ ವರ್ಷದ್ದಾ? ಈ ವರ್ಷ ನವಮಿ ದಿನ ಡೀಮನ್ ನಿಂತಿದೆ. ಕೀಲಿ ಇಲ್ದೆ ಸ್ಟಾಪ್ ಅಂದ್ರೆ ಅದು ಕೇಳಲ್ಲ. ಪೃಥ್ವಿನೇ ಎದ್ದು ಬಂದು ಪೂಜೆ ಮಾಡಿದ್ನಾ ಕೇಶವ್?"

ಕೊನೆಯ ಮಾತು ಹೇಳುವಾಗಲೂ ಅವಳ ದನಿ ಏರಲಿಲ್ಲ. ಇಷ್ಟು ದಿನದಲ್ಲಿ ಅವಳ ದನಿ ಒಮ್ಮೆಯೂ ಏರಿರಲಿಲ್ಲ. ಚಳಿಗೆ ಮರಗಟ್ಟಿದ ಕೈಯ ಮೇಲೆ ಬಿಸಿನೀರು ಬಿದ್ದರೂ ಬೇರೆ ಯಾರದೋ ಕೈ ಅನ್ನಿಸುತ್ತದಲ್ಲ, ಹಾಗಿದ್ದಳು.

ಕೇಶವ ಕುರ್ಚಿ ಎಳೆದು ಕೂತ. ತಲೆ ತಗ್ಗಿಸಿದ.

"ನಗ್ಬೇಡಿ," ಅಂದ.

"ನಗೋದು ಮರೆತೋಗಿದೆ. ಹೇಳಿ."

"ನಾನು ದೇವ್ರು ದಿಂಡ್ರು ನಂಬೋನಲ್ಲ. ವರ್ಷಾ ವರ್ಷಾ ಅವನ್ನ ಆಡ್ಕೊಂಡೆ. ಈ ಸಲ ನವಮಿ ದಿನ ಬಂದು ಇಲ್ಲಿ ಕೂತೆ. ಈ ದೀಪ ಮಿನುಗ್ತಾ ಇತ್ತು. ಅವನೇ ಇಲ್ಲ, ಇದು ಮಾತ್ರ ದುಡೀತಾ ಇದೆಯಲ್ಲ ಅನ್ನಿಸ್ತು. ಒಂದು ದಿನ ಮಲಗ್ಲಿ ಅಂತ..."

"ಕೀಲಿ?"

"ಅವನೇ ಕಾಪಿ ಕೊಟ್ಟಿದ್ದ. ಪೊಲೀಸ್ ಹತ್ರ ಇಲ್ಲ ಅಂದೆ. ಇದೆ ಅಂದಿದ್ರೆ, ಹೊರಗೆ ಹೋಗ್ತಿರೋ ಕಾಯಿನ್ ನಂದೇ ಕೆಲ್ಸ ಅಂತಿದ್ರು."

"ಪಾಸ್‌ವರ್ಡ್?"

ಕೇಶವ ತಲೆ ಎತ್ತಿದ. ಕಣ್ಣಲ್ಲಿ ಇದ್ದದ್ದು ನಾಚಿಕೆ.

"ಇಲ್ಲ. ಪೂಜೆ ಮಾಡೋ ಭರದಲ್ಲಿ ಸ್ಟಾಪ್ ಹೊಡೆದ್ಬಿಟ್ಟೆ. ಆಮೇಲೆ ಎದೆ ಧಸಕ್ ಅಂತು. ಎಬ್ಬಿಸೋದು ಹೇಗೆ? ಇಪ್ಪತ್ತು ವರ್ಷ ಎಂಜಿನಿಯರ್ ಆಗಿರೋನು, ಮೊದ್ಲು ಅದನ್ನ ಯೋಚ್ನೆ ಮಾಡ್ಬೇಡ್ವಾ? ಕಂಪನಿ ನನ್ನ ಕೈಯಾರೆ ಮುಳುಗ್ತು ಅಂತ ಮನೆಗೆ ಹೋಗಿ ಹೆಂಡ್ತಿ ಹತ್ರಾನೂ ಹೇಳ್ಳಿಲ್ಲ. ಬೆಳಿಗ್ಗೆ ಬಂದ್ರೆ, ಇದು ತಾನೇ ಎದ್ದು ಕೂತಿದೆ!"

"ತಾನೇ ಏಳಲ್ಲ ಅದು."

"ಗೊತ್ತು. ಅದಕ್ಕೇ..." ಅವನು ತಡೆದ.

"ಅದಕ್ಕೇ?"

"ನೀವು ಎಬ್ಬಿಸಿದ್ರಿ ಅಂದ್ಕೊಂಡೆ. ಪೃಥ್ವಿ ಪಾಸ್‌ವರ್ಡ್ ನಿಮ್ಗಲ್ದೆ ಇನ್ಯಾರಿಗೆ ಹೇಳ್ತಾನೆ? ಕಾಯಿನ್ ತೆಗೀತಿರೋದೂ ನೀವೇ ಅಂದ್ಕೊಂಡೆ."

ಮೈಥಿಲಿ ಅವನನ್ನೇ ನೋಡಿದಳು.

"ಅದಕ್ಕೇ ಅವನ ಹೆಸ್ರು ಹೇಳ್ದೆ," ಅಂದ ಕೇಶವ. "ಅವನನ್ನ ಯಾರೂ ಜೈಲಿಗೆ ಹಾಕೋಕಾಗಲ್ಲ. ನಿಮ್ಮನ್ನ ಹಾಕ್ತಿದ್ರು."

ಕೋಣೆ ಬಿಸಿ ಮಾಡುವ ಕೊಳವೆಯೊಳಗೆ ನೀರು ಗುಳುಗುಳು ಅಂತು. ಇಷ್ಟು ದಿನ ಅವಳು ಶತ್ರುವೆಂದು ತಿಳಿದವನು ತನ್ನ ಮಟ್ಟಿಗೆ ಅವಳನ್ನೇ ಕಾಯುತ್ತಿದ್ದ. ಕಾಯಲು ಪೃಥ್ವಿಯನ್ನು ಮಾರಿಬಿಟ್ಟಿದ್ದ. ಥ್ಯಾಂಕ್ಸ್ ಹೇಳಬೇಕೋ ಮುಖಕ್ಕೆ ಉಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ಶಕ್ತಿ ಇರಲಿಲ್ಲ.

"ನಾನಲ್ಲ," ಅಂದಳು.

"ನಾನೂ ಅಲ್ಲ."

"ಹಾಗಾದ್ರೆ ಯಾರು?"

ಆಗ ದೀಪ ಹಸಿರಾಯಿತು.

ಇಬ್ಬರೂ ಒಟ್ಟಿಗೇ ತಿರುಗಿದರು. ಕೇಶವನ ಎರಡು ಕೈಗಳೂ ಮೊಣಕಾಲ ಮೇಲಿದ್ದವು. ಮೈಥಿಲಿಯ ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಮೇಜಿನಂಚಿನಲ್ಲಿ. ಕಾರಿಡಾರಿನಲ್ಲಿ ವೌಟರ್ ಕಾಫಿ ಅಂಗಡಿಯವನಿಗೆ ಡಚ್ಚಿನಲ್ಲಿ ಸಮಾಧಾನ ಹೇಳುತ್ತಿರುವುದು ಕೇಳಿಸುತ್ತಿತ್ತು.

ಕಾವಲು ಕಿಟಕಿಯಲ್ಲಿ ಗೆರೆಯೊಂದು ಮೂಡಿತ್ತು. ಅನ್‌ಲಾಕ್. ಪಾಸ್‌ವರ್ಡ್ ಸರಿಯಿದೆ.

ಅದರ ಮುಂದೆ ಆಜ್ಞೆ ಬಂದ ಜಾಗ. ಪ್ರತಿ ಜಾಗಕ್ಕೂ ಪೃಥ್ವಿ ತಾನೇ ಒಂದು ಹೆಸರು ಕೊಟ್ಟಿದ್ದ. ಈ ಆಫೀಸಿಗೆ 'ಕಾಪೆಲ್ಲೆ'. ಅಲ್ಲಿ ಕಾಪೆಲ್ಲೆ ಎಂದಿರಲಿಲ್ಲ.

'ಮನೆ' ಎಂದಿತ್ತು.

"ಮನೇಲಿ ಯಾರಿದ್ದಾರೆ?" ಕೇಶವನ ದನಿ ಪಿಸುಮಾತಾಗಿತ್ತು.

ಮೈಥಿಲಿಗೆ ಅತ್ತೆಯ ಮಾತು ನೆನಪಾಯಿತು. ಅಲ್ಲಿ ಕರೆಂಟ್ ಇದೆ ತಾನೇ? ಅವಳು ಡೀಮನ್ ನಿಲ್ಲಿಸಿ ಒಂದು ನಿಟ್ಟುಸಿರು ಬಿಡುವಷ್ಟರಲ್ಲಿ ಬಂದ ಫೋನು. ಬಲೆ ಬೀಸಿದ ಮೇಲೆ ಮೊದಲು ಅಲುಗಿದ್ದು ಕಾರಿಡಾರಿನ ಫೋನಲ್ಲ, ಕೇಶವನಲ್ಲ. ದಿನಾ ಮಧ್ಯಾಹ್ನ ಜಪಕ್ಕೆಂದು ಪೃಥ್ವಿಯ ಕೋಣೆಯ ಬಾಗಿಲು ಹಾಕಿಕೊಳ್ಳುವ ಹೆಂಗಸು. ಗಾಜಿನ ಮೇಲೆ ನಿಲ್ಲದ ಬೆರಳು. ಗಾಜಿನ ಮೇಲೆ ಮಾತ್ರ.

ಅವಳು ಅತ್ತೆಯ ನಂಬರ್ ಒತ್ತಿ ಸ್ಪೀಕರ್ ಹಾಕಿದಳು.

"ಹೇಳಮ್ಮಾ," ಅಂದರು ಅತ್ತೆ. ಎಂದಿನ ದನಿ. "ಕರೆಂಟ್ ಬಂತಲ್ಲ?"

ಆ ದನಿಯ ಹಿಂದೆ ಇನ್ನೊಂದು ಸದ್ದಿತ್ತು. ಕೀಲಿಮಣೆಯ ಸದ್ದು. ಹತ್ತೂ ಬೆರಳು ಸಮನಾಗಿ, ಒಂದೂ ತಡವರಿಸದೆ, ನೂರಾರು ಹುಡುಗಿಯರಿಗೆ ಕಲಿಸಿದ ಕೈ ಟೈಪ್ ಮಾಡುತ್ತಿದ್ದ ಸದ್ದು. ಅದು ನಿಂತೊಡನೆ ಕಾವಲು ಕಿಟಕಿಯಲ್ಲಿ ಹೊಸ ಗೆರೆ ಮೂಡಿತು. ಮನೆ: ಎಷ್ಟಿದೆ?

ಮತ್ತೆ ಸದ್ದು. ಈ ಬಾರಿ ಉದ್ದಕ್ಕೆ.

"ಇಷ್ಟುದ್ದ ಇರೋದು ಕೊನೇ ಆಜ್ಞೆ ಒಂದೇ," ಅಂದ ಕೇಶವ. ಅವನು ಎದ್ದು ನಿಂತಿದ್ದ. "ಇದ್ದಿದ್ದೆಲ್ಲ ಒಂದೇ ವಿಳಾಸಕ್ಕೆ ಸಾಗಿಸೋದು. ಅದು ಹೋಯ್ತು ಅಂದ್ರೆ ನಾಳೆ ಕ್ಯುರೇಟರ್‌ಗೆ ಸಿಗೋದು ಖಾಲಿ ಡಬ್ಬಿ. ಪೃಥ್ವಿನ ಇನ್ಯಾರೂ ಉಳಿಸೋಕಾಗಲ್ಲ. ನಿಲ್ಸಿ ಮೈಥಿಲಿ. ನಿಲ್ಸಿ!"

ಅವಳ ಬೆರಳು ಆಗಲೇ ಮೂರನೆಯ ಆಜ್ಞೆಯನ್ನು ಟೈಪ್ ಮಾಡಿತ್ತು. ಎಂಟರ್ ಒತ್ತುವುದೊಂದೇ ಬಾಕಿ. ಒತ್ತಿದರೆ ನಾಳೆ ಅವಳು ಕ್ಯುರೇಟರನ ಮುಂದೆ ನಿಂತು ಮನೆಯತ್ತ ಬೆರಳು ತೋರಿಸಬೇಕು. ಪೃಥ್ವಿಯ ತಾಯಿ ಸಿಕ್ಕಿಬೀಳುತ್ತಾರೆ. ಒತ್ತದಿದ್ದರೆ ಪೃಥ್ವಿ.

"ಅತ್ತೆ," ಅಂದಳು. ತಿಂಗಳುಗಳ ನಂತರ ಮೊದಲ ಬಾರಿಗೆ ಅವಳ ದನಿ ಒಡೆಯಿತು. "ಪೃಥ್ವಿ ಲ್ಯಾಪ್‌ಟಾಪ್ ನಿಮ್ಮ ಹತ್ರ ಹೇಗೆ ಬಂತು?"

ಕೀಲಿಮಣೆ ನಿಂತಿತು. ಆಚೆ ಕಡೆ ಒಂದು ಕುರ್ಚಿ ಕಿರುಗುಟ್ಟಿತು.

"ಇನ್ನೊಂದ್ಸಲ ನಿಲ್ಲಿಸ್ಬೇಡ ಮೈಥಿಲೀ," ಅಂದರು ಅತ್ತೆ ಮೆಲ್ಲಗೆ. "ಅವನು ನಿಂಗೆ ಕಲಿಸಿದ್ದು ನಾಲ್ಕೇ ಆಜ್ಞೆ. ಲ್ಯಾಪ್‌ಟಾಪ್ ಕೈಗಿಟ್ಟು, ಇದ್ದಿದ್ದೆಲ್ಲ ಸಾಗಿಸೋ ಐದನೇದನ್ನ ನಂಗೆ ಕಲಿಸಿದ್ದ. ಕಾಲುವೆ ಹತ್ರ ಹೋಗೋಕೆ ಮುಂಚೆ."